ಬಣ್ಣದಡಿಯ ಬೆಸುಗೆ

ಷೆಡ್ಡಿನ ಬೆಂಚಿನಿಂದ,
ಮಾರ್ಚ್ ೧೪, ಶನಿವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಕೆಮ್ಮು ಹೇಗಿದೆ? ಗಣಿಯ ದೂಳಿಗೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದೀಯೋ, ಇಲ್ಲ ಅಲ್ಲೂ ಶೂರತನ ತೋರಿಸುತ್ತಿದ್ದೀಯೋ? ಹೊತ್ತಿಗೆ ಸರಿಯಾಗಿ ಉಣ್ಣು. ನಾವೆಲ್ಲ ಚೆನ್ನಾಗಿದ್ದೇವೆ. ಕ್ಷೇಮ ಸಮಾಚಾರ ಇಲ್ಲಿಗೆ ಮುಗಿಯಿತು. ಇನ್ನು ಮುಂದಿನದನ್ನು ಕೂತುಕೊಂಡು ಓದು, ನನಗೆ ಮೈಯೆಲ್ಲ ಉರಿಯುತ್ತಿದೆ. ಫೋನು ಹತ್ತದ ಜಾಗಕ್ಕೆ ಹೋಗಿ ಬಚಾವಾದೆ.

ನಮ್ಮ ಟ್ರಕ್ಕು ಎದ್ದು ನಿಂತಿದೆ ಕಣೋ. ನೀನು ಹೋಗುವಾಗ ಬರೀ ಚಾಸಿಯ ಚೌಕಟ್ಟಾಗಿದ್ದದ್ದು ಈಗ ಮೊದಲಿಗಿಂತ ಅರ್ಧ ಅಡಿ ಎತ್ತರ. ಹೊಸ ಸ್ಪ್ರಿಂಗು, ಉದ್ದನೆಯ ಶಾಕ್ ಅಬ್ಸಾರ್ಬರು, ದೊಡ್ಡ ಟೈರು ಎಲ್ಲ ಕೂತವು. ನಿನ್ನ ಹೆಂಡತಿ ನೋಡಿ, "ಅಕ್ಕಾ, ಇದಕ್ಕೆ ಏಣಿ ಬೇಕಲ್ಲ!" ಅಂದಳು. ಅವಳಿಗೆಂದೇ ಬಾಗಿಲ ಕೆಳಗೊಂದು ಮೆಟ್ಟಿಲು ಬೆಸೆದೆ. ಸೋಮವಾರ ಅವಳು ಔಷಧದ ಪೆಟ್ಟಿಗೆ ಹೇರಿಕೊಂಡು ಗುಡ್ಡದ ಹಳ್ಳಿಗಳಿಗೆ ಹೊರಡಬೇಕಿತ್ತು. ನರ್ಸಮ್ಮ ಬರುತ್ತಾರೆಂದು ಅಲ್ಲಿ ತಿಂಗಳಿಂದ ಕಾಯುತ್ತಿದ್ದಾರೆ.

ಬೆಳಿಗ್ಗೆ ಗಾಡಿಯನ್ನು ಹಿತ್ತಲಿನ ಕಲ್ಲುರಾಶಿಗೆ ಹತ್ತಿಸಿ ನೋಡಿದೆ. ಬಲಗಡೆ ಚಕ್ರ ಮೇಲೇರಿದ್ದೇ ತಡ, ಟಕ್ ಎಂದಿತು. ಕೆಳಗೆ ನುಸುಳಿ ನೋಡಿದರೆ ಸ್ಪ್ರಿಂಗನ್ನು ಚಾಸಿಗೆ ಹಿಡಿದಿಡುವ ಬ್ರ್ಯಾಕೆಟ್ಟಿನ ಬೆಸುಗೆ ಕೂದಲೆಳೆಯಷ್ಟು ಬಾಯಿ ಬಿಟ್ಟಿದೆ! ಬಲಗಡೆ! ನೀನು ಬೆಸೆದ ಕಡೆ! ಎಡಗಡೆಯ ನನ್ನದಕ್ಕೆ ಏನೂ ಆಗಿಲ್ಲ.

ಬೆಸುಗೆ ಯಾರದ್ದು ಕೆಡುವುದಿಲ್ಲ ಹೇಳು? ಅದಕ್ಕೆ ನನ್ನ ಸಿಟ್ಟಿಲ್ಲ. ಸಿಟ್ಟು ಆ ಬಣ್ಣಕ್ಕೆ. ನಮ್ಮ ಷೆಡ್ಡಿನಲ್ಲಿರುವುದು ಒಂದೇ ಕಟ್ಟಳೆ, ಬೆಸೆದವರು ಬಣ್ಣ ಬಳಿಯಬಾರದು. ಇನ್ನೊಬ್ಬರು ಬರಿ ಕಬ್ಬಿಣ ನೋಡಿ, ಸುತ್ತಿಗೆಯಿಂದ ತಟ್ಟಿ, ಆಮೇಲೆ ಅವರೇ ಬ್ರಷ್ ಹಿಡಿಯಬೇಕು. "ನಿಮ್ ಕೆಲ್ಸ ನಿಮ್ ಕಣ್ಣಿಗೆ ಯಾವಾಗ್ಲೂ ಚೆನ್ನಾಗೇ ಕಾಣತ್ತೆ" ಎಂದು ಅಪ್ಪ ಎಷ್ಟು ಸಲ ಹೇಳಿಲ್ಲ? ಆ ಬಲಗಡೆಯದನ್ನು ನಾನು ತಟ್ಟಿ ನೋಡಿದ ನೆನಪೇ ಇಲ್ಲ. ಅಂದರೆ ನೀನೇ ಬೆಸೆದೆ, ನೀನೇ ಬಳಿದೆ, ಕೈ ತೊಳೆದುಕೊಂಡು ಬಸ್ಸು ಹತ್ತಿದೆ. ನಾಚಿಕೆ ಆಗುವುದಿಲ್ಲವೇನೋ? ಆ ಕಡಿದಾದ ದಾರಿಯಲ್ಲಿ ಚಕ್ರ ಕಳಚಿದ್ದರೆ ಒಳಗೆ ಕೂತಿರುತ್ತಿದ್ದವಳು ಯಾರು? ಎತ್ತಿ ಆಡಿಸಿದ ತಮ್ಮ ನೀನು, ನಿನ್ನಿಂದ ಇಂಥ ಕಳ್ಳತನವೇ?

ತಡೆಯಲಾಗದೆ ಮನೆಯಲ್ಲಿ ಹೇಳಿಬಿಟ್ಟೆ. ನಿನ್ನ ಹೆಂಡತಿ ಊಟ ಬಿಟ್ಟು ಎದ್ದುಹೋದಳು. ಅಪ್ಪ ಮೊಳೆಯಲ್ಲಿ ತೂಗುತ್ತಿದ್ದ ನಿನ್ನ ವೆಲ್ಡಿಂಗ್ ಮುಖವಾಡ ಇಳಿಸಿ ಪೆಟ್ಟಿಗೆಗೆ ಹಾಕಿದರು.

ಈಗ ಹೋಗಿ ಬಣ್ಣ ಕೆರೆಯುತ್ತೇನೆ. ಬೆಸುಗೆಯ ಪಕ್ಕ ಗುರುತು ಹೊಡೆಯುತ್ತೇವಲ್ಲ, ನಿನ್ನದು ಒಂದು ಚುಕ್ಕೆ, ನನ್ನದು ಎರಡು. ಅದರ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಇದರ ಜೊತೆಗೇ ಕಳಿಸುತ್ತೇನೆ. ಆಮೇಲೆ "ನಂದಲ್ಲ" ಅನ್ನಬೇಡ.

ನೂರು ವರ್ಷ ಬಾಳು. ಬಂದಾಗ ಹಿಂಡಲು ನನಗೆ ನಿನ್ನ ಕಿವಿ ಬೇಕು.

ಇಂತಿ,
ನಿನ್ನ ಅಕ್ಕ

ಮರೆತ ಮಾತು: ಅಚ್ಚು ಇದರೊಳಗಿದೆ, ನೋಡು. ಎರಡು ಚುಕ್ಕೆ. ಬೆಸೆಯುವಾಗ ಚಾಸಿಯನ್ನು ಬೋರಲು ಮಲಗಿಸಿದ್ದೆವು ಕಣೋ. ಆಗಿನ ನನ್ನ ಎಡಗಡೆ ಈಗ ಬಲಗಡೆ. ಅವತ್ತು ನೀನು ಊಟಕ್ಕೆ ಹೋಗಿದ್ದಾಗ, ನನ್ನ ಬೆಸುಗೆಯನ್ನು ಇವನೇನು ನೋಡುವುದು ಎಂದು ನಾನೇ ಬಳಿದುಬಿಟ್ಟಿದ್ದೆ. ಈಗಲೇ ಒಳಗೆ ಹೋಗಿ ಇಬ್ಬರಿಗೂ ಹೇಳುತ್ತೇನೆ. ನಿನ್ನ ಮುಖವಾಡ ಮೊಳೆಗೆ, ನನ್ನದು ಪೆಟ್ಟಿಗೆಗೆ. ನೀನು ಬಂದು ತಟ್ಟಿ ನೋಡುವ ತನಕ ಗಾಡಿ ಹೊರಡುವುದಿಲ್ಲ. ಈ ಕಾಗದ ಹರಿಯಲು ಕೈ ಹೋಗಿತ್ತು, ಹರಿಯಲಿಲ್ಲ. ಬರುವಾಗ ತಾ. ನನ್ನೆದುರು ಕೂತು ಗಟ್ಟಿಯಾಗಿ ಓದು, ಒಂದು ಬೈಗುಳವನ್ನೂ ಬಿಡಬೇಡ.