ತಿರುವಿನಲ್ಲಿ ಎರಡು ಹಾರ್ನ್

ಜೂನ್ 3

ಮತ್ತೆ ಅದೇ. ಅಪ್ಪನ ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ. ಅಮ್ಮ ಏನೂ ಕೇಳದೆ ತಟ್ಟೆ ಎತ್ತಿದಳು. ಪಕ್ಕದ ನೋಟ ಕಮ್ಮಿಯಾಗಿದೆ ಎಂದು ಕಣ್ಣಿನ ಡಾಕ್ಟರ್ ಬರೆದ ಮೇಲೆ ಲೈಸೆನ್ಸ್ ರಿನ್ಯೂ ಆಗಲಿಲ್ಲ. ಮಾಲೀಕರಿಗೆ ಲಾರಿ ಕೀ ಒಪ್ಪಿಸಿ ಬಂದವನು ಕಿಟಕಿ ಪಕ್ಕದ ಕುರ್ಚಿ ಹಿಡಿದಿದ್ದಾನೆ. ಬಾಯಿಗೆ ಬೀಗ. ಮನೆಯಲ್ಲಿ ಮಾತು ಎಂದರೆ ಕುಕ್ಕರಿನದು ಮಾತ್ರ. ಅವನು ಮೊದಲಿನ ಹಾಗೆ ನನ್ನನ್ನು ಬೈದರೂ ಸಾಕು ಅನ್ನಿಸಿದೆ ನನಗೆ.

ಆಫೀಸಿನಲ್ಲಿ ಬೇರೆ ತಲೆಬಿಸಿ. ನಮ್ಮ ಲಾರಿ ಓಡಿಸುವ ಗೇಮ್‌ಗೆ ಹತ್ತು ವರ್ಷ ತುಂಬುತ್ತದೆ. "ಎರಡನೇ ಅಪ್‌ಡೇಟ್ ಬಗ್ಗೆ ಒಂದು ಪುಟ ಬರ್ಕೊಡು, ಆ ರಸ್ತೆ ಮಾಡಿದ್ದು ನೀನೇ ಅಲ್ವಾ" ಎಂದರು ಬಾಸ್. ಅಲ್ವಾ ಅಂತೆ. ನಾನಲ್ಲದೆ ಇನ್ಯಾರು.

ಜೂನ್ 4, ಮಧ್ಯಾಹ್ನ

ಒಂದು ಸಾಲೂ ಬರೆದಿಲ್ಲ. ನೆನಪು ಮಾತ್ರ ಬರುತ್ತಲೇ ಇದೆ. ಆಗ ಗೇಮಿನಲ್ಲಿ ಇದ್ದದ್ದು ಒಂದೇ ರಸ್ತೆ — ನಮ್ಮ ಮನೆ ಮುಂದಿನದು. ಅಪ್ಪನ ಲಾರಿಗೆ ಕ್ಯಾಮೆರಾ, ಮೈಕು ಕಟ್ಟಿ, ಪಕ್ಕದಲ್ಲಿ ಕೂತು ಹೋಗಿದ್ದೆ. ಅವನು ಗೇರ್ ಬದಲಿಸಿದ್ದು, ಬ್ರೇಕ್ ಒತ್ತಿದ್ದು, ಹಾರ್ನ್ ಹೊಡೆದದ್ದು... ಎಲ್ಲ ರೆಕಾರ್ಡ್. ಪ್ರೋಗ್ರಾಮರ್ ಅದನ್ನೇ ಎತ್ತಿ ಗೇಮಿನ ಉಳಿದ ಲಾರಿಗಳಿಗೂ ಹಾಕಿಬಿಟ್ಟ. ಅಪ್‌ಡೇಟ್ ಹೋಯಿತು. ಮಾರನೇ ದಿನದಿಂದಲೇ ದೂರು. ಬೋಳುಗುಡ್ಡದ ತಿರುವಿನಲ್ಲಿ ಎಲ್ಲ ಲಾರಿಗಳೂ ನಿಧಾನ ಮಾಡಿ ಎರಡೆರಡು ಸಲ ಹಾರ್ನ್ ಹೊಡೆಯುತ್ತವೆ, ಯಾಕೆ?

"ಅಲ್ಲೇನಿದೆ, ಟೀ ಅಂಗಡಿನಾ?" ಎಂದ ಪ್ರೋಗ್ರಾಮರ್.

"ನಮ್ಮನೆ" ಎಂದೆ.

ಎರಡು ಹಾರ್ನ್ ಎಂದರೆ 'ಬಂದೆ, ಸ್ನಾನಕ್ಕೆ ನೀರಿಡು.' ಅಪ್ಪ ಗೋಡೌನಿನಲ್ಲಿ ಲೋಡ್ ಇಳಿಸಿ ನಡೆದು ಬರುವಷ್ಟರಲ್ಲಿ ನೀರು ಕಾದಿರುತ್ತಿತ್ತು. ಗೇಮಿನಲ್ಲಿ ನಾನು ಗುಡ್ಡ ಮಾಡಿದ್ದೆ, ಮನೆ ಮಾಡಿರಲಿಲ್ಲ. ಇಡೀ ಆಫೀಸ್ ಬಿದ್ದು ಬಿದ್ದು ನಕ್ಕಿತು. ಮುಂದಿನ ಅಪ್‌ಡೇಟಿನಲ್ಲಿ ಹಾರ್ನ್ ತೆಗೆದರು. ನಾನೂ ನಕ್ಕಿದ್ದೆ, ಆದರೆ ತೆಗೆದ ದಿನ ಬೇಜಾರಾಗಿತ್ತು.

ಜೂನ್ 7

ಹಳೆಯ ಹಾರ್ಡ್ ಡಿಸ್ಕಿನಲ್ಲಿ ಆ ಅಪ್‌ಡೇಟ್ ಸಿಕ್ಕಿತು. ಆಫೀಸಿನಿಂದ ಸ್ಟಿಯರಿಂಗ್, ಪೆಡಲ್ ಕೇಳಿ ತಂದೆ. ಹಾಲಿನ ಟಿವಿಗೆ ಜೋಡಿಸಿದೆ. ಅಪ್ಪ ನೋಡಿದ. ಎಷ್ಟೋ ದಿನದ ಮೇಲೆ ಒಂದು ಪೂರ್ತಿ ಮಾತು — "ಆಟದ ಸಾಮಾನು ಕೊಟ್ಟು ಸಮಾಧಾನ ಮಾಡೋಕೆ ನಾನೇನು ಮಗುನಾ?"

ಎದ್ದು ಕೋಣೆಗೆ ಹೋದ. ಕಿಟಕಿಯ ಕುರ್ಚಿಯೂ ಖಾಲಿ ಈಗ. ಗಾಯದ ಮೇಲೆ ಬರೆ ಎಳೆದ ಹಾಗಾಯಿತು.

ಜೂನ್ 15, ಭಾನುವಾರ ಸಂಜೆ

ಇಷ್ಟು ದಿನ ಬರೆಯುವಂಥದ್ದು ಏನೂ ಇರಲಿಲ್ಲ. ಸ್ಟಿಯರಿಂಗ್ ಮೇಲೆ ಅಮ್ಮ ಟವೆಲ್ ಒಣಹಾಕುತ್ತಿದ್ದಳು.

ಇವತ್ತು ಬಾಸ್‌ನ ಪುಟಕ್ಕೆ ಒಂದೆರಡು ಚಿತ್ರ ಬೇಕಿತ್ತು. ಟವೆಲ್ ತೆಗೆದು, ಗೇಮ್ ಹಾಕಿ, ಲಾರಿಯನ್ನು ತಿರುವಿನಲ್ಲಿ ನಿಲ್ಲಿಸಿ ಕಾದೆ. ಸೌಂಡ್ ಕಮ್ಮಿ ಮಾಡುವುದು ಮರೆತುಹೋಯಿತು. ಒಂದರ ಹಿಂದೆ ಒಂದು ಲಾರಿ. ಎರಡು ಹಾರ್ನ್. ಮತ್ತೆ ಎರಡು. ಮತ್ತೆ ಎರಡು. ಅಪ್ಪನ ಲಾರಿಯದೇ ಹಾರ್ನ್, ಸ್ವಲ್ಪ ಗಂಟಲು ಕಟ್ಟಿದಂಥದ್ದು.

ಅಡುಗೆಮನೆಯಲ್ಲಿ ಪಾತ್ರೆಗೆ ನೀರು ಬೀಳುವ ಸದ್ದು. ಒಲೆ ಹೊತ್ತಿಸಿದ ಸದ್ದು. ಆಮೇಲೆ ಅಮ್ಮ ಬಾಗಿಲಿಗೆ ಬಂದು ನಿಂತಳು — ಅವಳಿಗೇ ನಾಚಿಕೆ. ಕೈ ತಾನಾಗಿ ನೀರಿಟ್ಟುಬಿಟ್ಟಿದೆ.

"ಇಷ್ಟು ಜನಕ್ಕೆ ನೀರು ಕಾಯಿಸೋಕೆ ನನ್ನ ಕೈಲಿ ಆಗಲ್ಲ ಕಣ್ರೀ" ಎಂದಳು, ಕೋಣೆಯ ಕಡೆಗೆ.

ಕೋಣೆಯಿಂದ ನಗು. ಅಪ್ಪ ಹೊರಗೆ ಬಂದ, ಕಣ್ಣು ಒರೆಸಿಕೊಳ್ಳುತ್ತ. ಟಿವಿ ಮುಂದೆ ನಿಂತು ಸ್ವಲ್ಪ ಹೊತ್ತು ನೋಡಿದ.

"ಏಳು, ಕ್ಲೀನರ್. ತಿರುವಲ್ಲಿ ಯಾರಾದ್ರೂ ಗಾಡಿ ನಿಲ್ಲಿಸ್ತಾರಾ?"

ಚಿಕ್ಕಂದಿನಲ್ಲಿ ಜೊತೆಗೆ ಲಾರಿ ಹತ್ತಿದಾಗಲೆಲ್ಲ ನಾನು ಅವನ ಕ್ಲೀನರ್. ಎದ್ದು ಜಾಗ ಬಿಟ್ಟೆ. ಬಚ್ಚಲಿಗೆ ಹೋಗಿ ಅತ್ತೆ, ಖುಷಿಗೆ.

ಜೂನ್ 16

ಅಪ್ಪ ಎರಡು ಟ್ರಿಪ್. "ಇದೇನು ಕ್ಲಚ್ಚೋ ದಿಂಬೋ" ಎಂದು ನನಗೆ ಬೈಗುಳ. ತಿರುವು ಬಂದಾಗಲೆಲ್ಲ ಎರಡು ಹಾರ್ನ್, ಒಳಗಿನಿಂದ ಅಮ್ಮ "ಕೇಳ್ತು, ಕೇಳ್ತು." ತಟ್ಟೆ ಖಾಲಿ.

ಜೂನ್ 22, ಸಂಜೆ

ಇಷ್ಟು ವರ್ಷದಲ್ಲಿ ಅಮ್ಮ ಒಂದು ಸಲವೂ ಅಪ್ಪನ ಲಾರಿ ಹತ್ತಿದವಳಲ್ಲ. ಹಾರ್ನ್ ಕೇಳಿಸಿಕೊಳ್ಳಲು ಯಾರಾದರೂ ಮನೆಯಲ್ಲಿರಬೇಕಿತ್ತಲ್ಲ. ಇವತ್ತು ಒಲೆಯ ಮೇಲೆ ನೀರಿಟ್ಟು, ಕೈ ಒರೆಸಿಕೊಂಡು ಹಾಲಿಗೆ ಬಂದಳು.

"ದಿನಾ ಎಲ್ಲಿಗೆ ಹೋಗ್ತಿದ್ರಿ ಅಂತ ನಾನೂ ನೋಡ್ತೀನಿ."

ಕುರ್ಚಿ ಎಳೆದು ಅವನ ಪಕ್ಕ ಕೂತಳು. ನಿಜವಾದ ಲಾರಿಯೇನೋ ಎಂಬಂತೆ ಕುರ್ಚಿಯ ಅಂಚು ಗಟ್ಟಿ ಹಿಡಿದುಕೊಂಡಳು. ಅಪ್ಪ ಮೆಲ್ಲಗೆ ಓಡಿಸಿದ. ಸೇತುವೆ ತೋರಿಸಿದ. ಹಿಂದೊಮ್ಮೆ ಟೈರ್ ಪಂಕ್ಚರ್ ಆಗಿ ಮಳೆಯಲ್ಲಿ ನೆನೆದ ಜಾಗ ತೋರಿಸಿದ. ಅಮ್ಮ ಎಲ್ಲದಕ್ಕೂ ಹೂಂ.

ತಿರುವು ಬಂತು. ಮುಂದಿನ ಲಾರಿ ಎರಡು ಸಲ ಹೊಡೆದು ಹೋಯಿತು. ಅಪ್ಪ ನಿಧಾನ ಮಾಡಿದ. ಬೆರಳು ಹಾರ್ನ್ ಮೇಲೆ. ಹೊಡೆಯಲಿಲ್ಲ.

"ಯಾಕ್ರೀ, ಹೊಡೀರಿ" ಎಂದಳು ಅಮ್ಮ.

"ಯಾರಿಗೆ ಅಂತ ಹೊಡೀಲಿ? ಮನೇಲಿ ಯಾರಿದಾರೆ? ನೀನು ಇಲ್ಲೇ ಕೂತಿದೀಯಲ್ಲ."

ಅಮ್ಮ ಕುರ್ಚಿಯ ಅಂಚಿನಿಂದ ಕೈ ಬಿಟ್ಟಳು. ಗುಡ್ಡ ಹಿಂದೆ ಸರಿಯಿತು. ಗೋಡೌನ್ ಬಂದರೂ ಅಪ್ಪ ನಿಲ್ಲಿಸಲಿಲ್ಲ.

ಬಾಸ್‌ಗೆ ಪುಟ ಇನ್ನೂ ಕೊಟ್ಟಿಲ್ಲ. ಎರಡನೇ ಅಪ್‌ಡೇಟ್ ಬಗ್ಗೆ ಏನಂತ ಬರೆಯಲಿ... "ಕ್ಲೀನರ್, ಒಲೆ ಆರಿಸು" ಎಂದು ಅಪ್ಪ ಹಾಲಿನಿಂದ ಕೂಗುತ್ತಿದ್ದಾನೆ. ಅವರಿಬ್ಬರೂ ಏಳುವ ಹಾಗಿಲ್ಲವಂತೆ, ಗಾಡಿ ಓಡುತ್ತಿದೆಯಂತೆ. ಬಂದೆ —