ನ್ಯಾಟ್ ವಿಮಾನದ ನಲವತ್ತೆರಡು ತುಂಡು

ಅಲ್ಲಾಳಸಂದ್ರ
ಸೋಮವಾರ, ೭ ಏಪ್ರಿಲ್ ೨೦೧೪

ಪೂಜ್ಯ ಮಾವನವರಿಗೆ, ನಿಮ್ಮ ಸೊಸೆ ಧನಲಕ್ಷ್ಮಿಯ ನಮಸ್ಕಾರಗಳು.

ಮಂಡಿ ನೋವು ಈಗ ಹೇಗಿದೆ? ಆ ಎಣ್ಣೆ ತಿಕ್ಕುವವರು ಇನ್ನೂ ದಿನಾ ಬರುತ್ತಿದ್ದಾರೋ, ಇಲ್ಲ ಅವರಿಗೂ ಸಾಕಾಯಿತೋ? ದಾವಣಗೆರೆಯ ಬಿಸಿಲು ನಮ್ಮ ಕಡೆಯ ಬಿಸಿಲಿನಂಥದ್ದಲ್ಲ, ಹತ್ತು ಗಂಟೆಯ ಮೇಲೆ ವಾಕಿಂಗ್ ಹೋಗುವ ಹಟ ಮಾಡಬೇಡಿ. ಮುನಿರತ್ನಕ್ಕ ಫೋನಿನಲ್ಲಿ "ಅಪ್ಪ ಚೆನ್ನಾಗವ್ರೆ, ಎರಡು ಹೊತ್ತೂ ರೊಟ್ಟಿ ತಿಂತವ್ರೆ" ಎಂದರು. ಮುದ್ದೆ ಇಲ್ಲದೆ ಒಂದು ದಿನ ಇರದಿದ್ದ ನೀವು ರೊಟ್ಟಿಗೆ ಒಗ್ಗಿಕೊಂಡಿರಿ ಎಂದರೆ ನನಗೆ ನಂಬಿಕೆಯೇ ಬರಲಿಲ್ಲ, ಮಗಳ ಮನೆಯಲ್ಲಿ ಕೇಳಲು ಸಂಕೋಚಪಟ್ಟುಕೊಂಡಿದ್ದೀರಿ ಅಷ್ಟೆ. ಇಲ್ಲಿ ನಾವಿಬ್ಬರೂ ಆರಾಮವಾಗಿದ್ದೇವೆ. ನನಗೆ ಐದು ತಿಂಗಳು ತುಂಬಿತು. ವಾಂತಿ ನಿಂತು, ಈಗ ಕಂಡದ್ದೆಲ್ಲ ತಿನ್ನಬೇಕು ಅನ್ನಿಸುತ್ತದೆ. ಯುಗಾದಿಗೆ ಒಬ್ಬಟ್ಟು ಮಾಡಿದ್ದೆ. ನಿಮ್ಮ ಪಾಲಿನದನ್ನೂ ನಿಮ್ಮ ಮಗನೇ ತಿಂದರು, ಅದೂ ಅಪ್ಪ ಇಲ್ಲವಲ್ಲ ಎಂದು ಬೇಜಾರು ಮಾಡಿಕೊಳ್ಳುತ್ತಲೇ.

ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲ, ಮೆಸೇಜು ನೋಡುವ ಅಭ್ಯಾಸ ನಿಮಗಿಲ್ಲ, ಅದಕ್ಕೇ ಇಷ್ಟುದ್ದದ ಕಾಗದ. ಹಬ್ಬಕ್ಕೆ ಹದಿನೈದು ದಿನ ಮುಂಚೆ ನೀವು ಬರೆದ ಕಾರ್ಡು ಬಂತು. "ಇಲ್ಲಿ ಹೊಂದಿಕೊಂಡಿದೆ. ನನ್ನ ದಾರಿ ಕಾಯಬೇಡಿ. ರೂಮನ್ನು ನೀವೇ ಬಳಸಿಕೊಳ್ಳಿ." ಮೂರೇ ಸಾಲು. ಒಂದು ತಿಂಗಳ ಚಿಕಿತ್ಸೆ ಎಂದು ಫೆಬ್ರವರಿಯಲ್ಲಿ ಹೋದವರು ಬರೆಯುವ ಮಾತೇ ಇದು? ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು. ನಿಮ್ಮನ್ನು ಮನೆಗೆ ಕರೆತರಬೇಕು, ಆ ದಿನದಿಂದ ನನ್ನ ತಲೆಯಲ್ಲಿರುವುದು ಅದೊಂದೇ. ಹೇಗೆ ಎಂದು ಯೋಚಿಸುವಾಗ ನಿಮ್ಮ ವಿಮಾನ ಹೊಳೆಯಿತು.

ಜನವರಿಯಲ್ಲಿ ನೀವು ಟ್ರಂಕಿನಿಂದ ತೆಗೆದಿರಲ್ಲ, ಆ ಡಬ್ಬ. ಏರ್‌ಫೋರ್ಸಿನಿಂದ ರಿಟೈರ್ ಆದ ವರ್ಷ ಕೊಂಡು, ಇಪ್ಪತ್ತೈದು ವರ್ಷ ಬಿಚ್ಚದೆ ಇಟ್ಟಿದ್ದೆ ಎಂದಿದ್ದಿರಿ. ಒಳಗೆ ಅಂಟಿಸಿ ಜೋಡಿಸುವ ಮಾದರಿ ನ್ಯಾಟ್ ಯುದ್ಧವಿಮಾನದ ಪುಟ್ಟ ಪುಟ್ಟ ತುಂಡುಗಳು. ಸರ್ವಿಸಿನಲ್ಲಿದ್ದಾಗ ನೀವು ಇಂಜಿನ್ ಬಿಚ್ಚಿ ಜೋಡಿಸುತ್ತಿದ್ದ ಅದೇ ವಿಮಾನ. ತುಂಡುಗಳೆಲ್ಲ ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಅಂಟಿಕೊಂಡೇ ಇದ್ದವು. ನೀವು ದಿನಾ ಕನ್ನಡಕ ಹಾಕಿಕೊಂಡು ಅವನ್ನು ತಿರುಗಿಸಿ ತಿರುಗಿಸಿ ನೋಡಿ, ಮತ್ತೆ ಡಬ್ಬದಲ್ಲಿಡುತ್ತಿದ್ದಿರಿ. ಪಾಪ, ಕೈ ನಡುಗುತ್ತದೆ, ಕತ್ತರಿಸಲು ಆಗುತ್ತಿಲ್ಲ ಎಂದುಕೊಂಡೆ ನಾನು. ಒಂದು ಬೆಳಿಗ್ಗೆ ನೀವು ಕೆರೆ ಸುತ್ತಲು ಹೋದಾಗ ನೇಲ್ ಕಟರ್ ಹಿಡಿದು ಕೂತೆ. ಅವರೆಕಾಯಿ ಸುಲಿದ ಹಾಗೆ ನಲವತ್ತೆರಡನ್ನೂ ಬಿಡಿಸಿ, ಸೋಪಿನ ನೀರಿನಲ್ಲಿ ತೊಳೆದು, ಮೊರದಲ್ಲಿ ಹರವಿ ಒಣಗಿಸಿದೆ. ಖಾಲಿ ಚೌಕಟ್ಟುಗಳನ್ನು ಹಳೇ ಪೇಪರಿನ ಜೊತೆ ಗುಜರಿಯವನಿಗೆ ಹಾಕಿದೆ. ನೀವು ಬಂದು ಮೊರವನ್ನು ಸ್ವಲ್ಪ ಹೊತ್ತು ನೋಡಿದಿರಿ. ಆಮೇಲೆ "ಒಳ್ಳೇದಾಯ್ತು ಬಿಡಮ್ಮ, ನಂಗೆ ಎಂಟು ದಿನದ ಕೆಲಸ ಉಳೀತು" ಎಂದಿರಿ. ನಾನು ಬೀಗುತ್ತಾ ಇನ್ನೊಂದು ಲೋಟ ಕಾಫಿ ತಂದುಕೊಟ್ಟೆ. ಅದಾದ ಮೇಲೆ ನೀವು ಆ ಡಬ್ಬ ಮುಟ್ಟಲಿಲ್ಲ.

ತೊಳೆಯುವಾಗ ಏನೋ ಹಾಳಾಗಿರಬೇಕು, ಹೊಸದೊಂದು ಕೊಂಡು ಟೇಬಲ್ ಮೇಲಿಟ್ಟು "ಬನ್ನಿ" ಎಂದು ಬರೆದರೆ ಬಂದೇ ಬರುತ್ತೀರಿ ಎಂದು ನನ್ನ ಲೆಕ್ಕಾಚಾರ. ನಿಮ್ಮ ಮಗನನ್ನು ಹೊರಡಿಸಿಕೊಂಡು ಅಂಗಡಿ ಸುತ್ತಲು ಶುರುಮಾಡಿದೆ. ಯಲಹಂಕ ನ್ಯೂಟೌನಿನಲ್ಲಿ ಆಟದ ಸಾಮಾನಿನ ಅಂಗಡಿಯವನು ರಿಮೋಟ್ ಹೆಲಿಕಾಪ್ಟರ್ ತೋರಿಸಿ, ಇದೂ ಹಾರುತ್ತೆ ಅದೂ ಹಾರುತ್ತೆ, ಏನ್ ವ್ಯತ್ಯಾಸ ಎಂದು ನನ್ನನ್ನೇ ಕೇಳಿದ. ಯಶವಂತಪುರದಲ್ಲಿ ಬೇಕರಿಯ ಮೇಲೊಂದು ಅಂಗಡಿ ಇದೆ ಎಂದು ಯಾರೋ ಹೇಳಿದರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಹೋದರೆ ಗೋಡೆ ತುಂಬಾ ಜಪಾನಿನ ರೋಬೋಟುಗಳು, ಒಂದು ಮೂಲೆಯಲ್ಲಿ ಹಡಗು. ಅಲ್ಲಿದ್ದ ಹುಡುಗಿ ಬಹಳ ಒಳ್ಳೆಯವಳು, ನನಗೆ ಸ್ಟೂಲು ಹಾಕಿ ನೀರು ಕೊಟ್ಟು, "ನ್ಯಾಟ್ ಸಿಗೋದು ಕಷ್ಟ ಅಕ್ಕ, ಆರ್.ಟಿ. ನಗರದಲ್ಲಿ ದಸ್ತಗೀರ್ ಅಣ್ಣನ ಹತ್ರ ಕೇಳಿ ನೋಡಿ" ಎಂದು ವಿಳಾಸ ಬರೆದುಕೊಟ್ಟಳು. ಹೊಟ್ಟೆ ಹೊತ್ತುಕೊಂಡು ವಿಮಾನ ಹುಡುಕುವವಳನ್ನು ಅವಳು ಮೊದಲ ಸಲ ನೋಡಿದ್ದಂತೆ.

ದಸ್ತಗೀರ್ ಅವರ ಅಂಗಡಿ ಹೊರಗಿನಿಂದ ನೋಡಿದರೆ ಬರೀ ಝೆರಾಕ್ಸ್ ಅಂಗಡಿ. ಒಳಗೆ ಹೋದರೆ ಒಂದು ಕಡೆ ಗಾಜಿನ ಬೀರುವಿನಲ್ಲಿ ವಿಮಾನ, ಟ್ಯಾಂಕು, ರೈಲು. ಇನ್ನೊಂದು ಕಡೆ ಟೀವಿಗೆ ಹಾಕಿ ಆಡುತ್ತಿದ್ದ ಹಳೇ ವಿಡಿಯೋ ಗೇಮುಗಳು, ಅವುಗಳ ಕ್ಯಾಸೆಟ್ಟುಗಳು, ವಯರು ಸುತ್ತಿದ ರಿಮೋಟುಗಳು. ನಿಮ್ಮ ಮಗ ಬಾಗಿಲಲ್ಲೇ ನಿಂತುಬಿಟ್ಟರು. ಏಳನೇ ಕ್ಲಾಸಿನಲ್ಲಿ ಫಸ್ಟ್ ಬಂದಾಗ ನೀವು ಕೊಡಿಸಿದ್ದಿರಂತೆ ಅಂಥದ್ದೇ ಒಂದು. ಒಂದು ಹಳದಿ ಕ್ಯಾಸೆಟ್ಟು ಎತ್ತಿಕೊಂಡು, ಅದರ ಬಾಯಿಗೆ ಉಫ್ ಎಂದು ಊದಿ, ಹಾಕಿ, ಕೂತೇಬಿಟ್ಟರು. ಮೂವತ್ತೆರಡು ವರ್ಷದ ಗಂಡಸು, ಟೀವಿ ಮುಂದೆ ಸ್ಟೂಲಿನ ಮೇಲೆ ಕೂತು ಹಾರು, ಹಾರು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಾರೆ. ಮಗು ಹುಟ್ಟಿದ ಮೇಲೆ ಈ ಮನೆಯಲ್ಲಿ ನಾನು ಎಷ್ಟು ಮಕ್ಕಳನ್ನು ಸಾಕಬೇಕೋ ನೀವೇ ಹೇಳಿ.

ನ್ಯಾಟ್ ಇಲ್ಲವೆಂದರು ದಸ್ತಗೀರ್. ಇದ್ದದ್ದು ಹೋದ ವರ್ಷವೇ ಹೋಯಿತಂತೆ. ಕಿಟ್ ಎಂದರೆ ಹೇಗಿರುತ್ತದೆ ಎಂದು ತೋರಿಸಲು ಬೇರೊಂದು ವಿಮಾನದ ಡಬ್ಬ ಬಿಚ್ಚಿದರು. ಆಗ ನೋಡಿದೆ ಮಾವ, ಚೌಕಟ್ಟಿನ ಮೇಲೆ ಪ್ರತಿ ತುಂಡಿನ ಪಕ್ಕದಲ್ಲೂ ಸಣ್ಣದಾಗಿ ನಂಬರ್ ಇರುತ್ತದೆ. ಆ ನಂಬರ್ ನೋಡಿಕೊಂಡು, ಹಾಳೆಯಲ್ಲಿರುವ ಚಿತ್ರ ನೋಡಿಕೊಂಡು, ಬೇಕಾದಾಗ ಬೇಕಾದ ತುಂಡು ಮಾತ್ರ ಕತ್ತರಿಸಬೇಕು. ನಾನು ಮಾಡಿದ್ದನ್ನು ಹೇಳಿದೆ. ದಸ್ತಗೀರ್ ತಲೆ ಮೇಲೆ ಕೈ ಇಟ್ಟುಕೊಂಡು "ಮೇಡಮ್, ನಂಬರ್ ಎಲ್ಲಾ ಆ ಫ್ರೇಮಲ್ಲೇ ಇರ್ತದಲ್ಲ, ಅದ್ನೇ ಗುಜರಿಗೆ ಹಾಕ್ಬಿಟ್ರಾ" ಎಂದರು. ಆಮೇಲೆ "ನಿಮ್ ಮಾವ ಏನಂದ್ರು?" ಎಂದು ಕೇಳಿದರು. ನೀವು ಅಂದದ್ದನ್ನು ಹೇಳಿದೆ. ಅವರು ಬಿಚ್ಚಿದ್ದ ಡಬ್ಬ ಮುಚ್ಚುತ್ತಾ, "ಅಂಥ ಮನುಷ್ಯರ ಮನೇಲಿ ಇದೀರಿ ನೀವು" ಎಂದರು. ಅಲ್ಲೇ ನಿಂತು ಅತ್ತುಬಿಟ್ಟೆ. ನಿಮ್ಮ ಮಗ ಆಗ ಆಟ ನಿಲ್ಲಿಸಿ ಎದ್ದು ಬಂದರು. ನೀವು ಮನೆ ಬಿಟ್ಟದ್ದು ಇದಕ್ಕೇ ಎಂದು ನನಗೆ ಖಾತ್ರಿಯಾಯಿತು.

ದಸ್ತಗೀರ್ ನನ್ನನ್ನು ಹಾಗೇ ಕಳಿಸಲಿಲ್ಲ. ಬ್ಯಾಟರಾಯಪ್ಪ ಎಂದು ಒಬ್ಬರು ಶನಿವಾರ ಶನಿವಾರ ಅಂಗಡಿಗೆ ಬಂದು ಕೂರುತ್ತಾರೆ, ಅವರೂ ಏರ್‌ಫೋರ್ಸಿನವರು, ಇಂಜಿನ್ ಕಡೆಯವರು, ತುಂಡುಗಳನ್ನು ತನ್ನಿ ನೋಡೋಣ ಎಂದರು. ಮೊನ್ನೆ ಶನಿವಾರ ಡಬ್ಬ ಎದೆಗವಚಿಕೊಂಡು ಹೋದೆ. ನಿಮ್ಮ ವಯಸ್ಸಿನವರೇ, ನಿಮ್ಮ ಹಾಗೇ ಇಸ್ತ್ರಿ ಮಾಡಿದ ಅರ್ಧ ತೋಳಿನ ಶರ್ಟು. ಬಿಳಿ ಬಟ್ಟೆಯ ಮೇಲೆ ತುಂಡುಗಳನ್ನೆಲ್ಲ ಸುರಿದು, ಒಂದೊಂದನ್ನೇ ಎತ್ತಿ ಬೆರಳಲ್ಲಿ ತಿರುಗಿಸಿ "ಇದು ಚಕ್ರದ ಬಾಗಿಲು, ಇದು ಎಡಗಡೆದು" ಎಂದು ಸಣ್ಣ ಸಣ್ಣ ಕವರುಗಳಿಗೆ ಹಾಕಿ ನಂಬರ್ ಬರೆಯುತ್ತಾ ಹೋದರು. ನಾನು ಏನೋ ಕೇಳಿದೆ, ಅವರು ತಲೆ ಎತ್ತಲಿಲ್ಲ. ಕೌಂಟರಿನ ಆಚೆ ಇದ್ದ ದಸ್ತಗೀರ್ ಹತ್ತಿರ ಪಿಸುಮಾತಿನಲ್ಲಿ "ಇವರಿಗೂ ಕಿವಿ ಕೇಳ್ಸಲ್ವಾ?" ಎಂದೆ. ಅಷ್ಟರಲ್ಲಿ ತಲೆ ಎತ್ತಿದ್ದ ಬ್ಯಾಟರಾಯಪ್ಪನವರು "ಕೇಳ್ಸಲ್ಲ ತಾಯಿ, ಕಾಣ್ಸುತ್ತೆ" ಎಂದರು. ಓಡುವ ಇಂಜಿನ್ ಪಕ್ಕದಲ್ಲಿ ನಿಂತರೆ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲವಂತೆ, ಅಲ್ಲಿ ಕೆಲಸ ಮಾಡಿದವರೆಲ್ಲ ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಾರಂತೆ. ನಾನು ಜೋರಾಗಿ ಹೌದಾ ಎಂದು ಕೂಗಿದ್ದಕ್ಕೆ "ಕಿರುಚಬೇಡಮ್ಮ, ಮುಖ ತೋರಿಸು ಸಾಕು" ಎಂದು ನಕ್ಕರು.

ವಾಪಸ್ ಬರುವ ದಾರಿಯಲ್ಲಿ, ಜೊತೆಗೆ ಬಂದಿದ್ದ ನಿಮ್ಮ ಮಗನನ್ನು ಕೇಳಿದೆ. "ಅಪ್ಪ ತುಟಿ ನೋಡೇ ಅಲ್ವಾ ಅರ್ಥ ಮಾಡ್ಕೊಳ್ಳೋದು, ನಿಂಗೆ ಗೊತ್ತಿರ್ಲಿಲ್ವಾ?" ಎಂದರು, ಇವತ್ತು ಶನಿವಾರ ಎನ್ನುವಷ್ಟು ಸಲೀಸಾಗಿ. ಮದುವೆಯಾಗಿ ಎರಡು ವರ್ಷ ನಾನು ನಿಮ್ಮ ಮುಂದೆ ಗಂಟಲು ಹರಿದುಕೊಂಡಿದ್ದೇನೆ. ಊಟಕ್ಕೆ ಬನ್ನಿ ಎಂದು ನಾನು ಕೂಗಿದರೆ ಎದುರು ಮನೆಯವರು ಜಗಳ ಎಂದುಕೊಳ್ಳುತ್ತಿದ್ದರು. ಒಂದು ದಿನವಾದರೂ ಮೆಲ್ಲಗೆ ಮಾತಾಡು ಎಂದಿರಾ ನೀವು? ಸೊಸೆ ನೊಂದುಕೊಂಡಾಳು ಎಂದು ಅದನ್ನೂ ನುಂಗಿಕೊಂಡಿರಿ. ಸ್ಕೂಟರ್ ಕಲಿಸುವಾಗ ನಾನು ನಿಮ್ಮನ್ನು ಮೋರಿಗೆ ಕೆಡವಿದ್ದನ್ನು ಹೇಗೆ ನುಂಗಿಕೊಂಡಿರೋ ಹಾಗೆ. ನಾನು ಕೆಲಸದಿಂದ ಬರುವಷ್ಟರಲ್ಲಿ ಅಕ್ಕಿ ತೊಳೆದಿಟ್ಟು, ಅದು ನನ್ನ ಗಂಡನ ಕೆಲಸ ಎಂದು ನನ್ನನ್ನು ನಂಬಿಸುತ್ತಿದ್ದಿರಿ. ನನ್ನ ಅಪ್ಪ ಇದ್ದಿದ್ದರೂ ನನಗೆ ಇಷ್ಟು ಮಾಡುತ್ತಿದ್ದರೋ ಇಲ್ಲವೋ. ನಿಮ್ಮ ಋಣ ದೊಡ್ಡದು ಮಾವ. ಬಾಯಿಬಿಟ್ಟು ಹೇಳಿರಲಿಲ್ಲ, ಈಗ ಬರೆದಿದ್ದೇನೆ.

ನಲವತ್ತೆರಡೂ ಸರಿಯಾಗಿ ವಿಂಗಡವಾಗಿವೆ. ಅಂಟಿಸಿಕೊಡಿ ಎಂದು ನಾನು ಕೇಳಿದ್ದಕ್ಕೆ ಬ್ಯಾಟರಾಯಪ್ಪನವರು ಒಪ್ಪಲಿಲ್ಲ, "ಅವರ ಗಾಡಿ, ಅವರೇ ಜೋಡಿಸ್ಲಿ" ಎಂದರು. ದಸ್ತಗೀರ್ ಅಂಟಿನ ಒಂದು ಟ್ಯೂಬು ಕೊಟ್ಟು ಕಳಿಸಿದರು. ಎಲ್ಲವೂ ನಿಮ್ಮ ಟೇಬಲ್ ಮೇಲಿದೆ. ನಿಮ್ಮ ರೂಮಿನಲ್ಲಿ ದಿನಾ ಕಸ ಗುಡಿಸಿ ಕಿಟಕಿ ತೆಗೆಯುತ್ತೇನೆ, ಬೇರೆ ಯಾವುದಕ್ಕೂ ಬಳಸಿಲ್ಲ.

ಮುನಿರತ್ನಕ್ಕನಿಗೂ ಭಾವನವರಿಗೂ ನಮ್ಮ ನೆನಪು ಹೇಳಿ. ಬಿಸಿಲಲ್ಲಿ ಟೋಪಿ ಮರೆಯಬೇಡಿ. ಹೊಟ್ಟೆಯೊಳಗಿರುವವರಿಗೂ ಸೇರಿಸಿ ಆಶೀರ್ವಾದ ಮಾಡಿ.

ನಿಮ್ಮ ಸೊಸೆ,
ಧನಲಕ್ಷ್ಮಿ

ತಾ.ಕ.: ಅಂಟಿಸಿದ ಲಕೋಟೆ ಮತ್ತೆ ಒಡೆದು ಬರೆಯುತ್ತಿದ್ದೇನೆ. ಇದನ್ನು ನೀವೊಬ್ಬರೇ ಓದಿ. ನೀವು ಹೋದದ್ದು ವಿಮಾನಕ್ಕಲ್ಲ ಎಂದು ಶನಿವಾರ ಬ್ಯಾಟರಾಯಪ್ಪನವರು ತುಟಿ ನೋಡುವ ಆ ಮಾತಾಡಿದ ಕ್ಷಣವೇ ನನಗೆ ತಿಳಿಯಿತು. ಜನವರಿ ಕೊನೆಯ ಭಾನುವಾರ ನಾನು ಅಮ್ಮನ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದೆ, ನೀವು ಎದುರಿನ ಕುರ್ಚಿಯಲ್ಲಿ ಕಾಫಿ ಕುಡಿಯುತ್ತಿದ್ದಿರಿ. "ಬಾಣಂತನಕ್ಕೆ ನೀನು ಬಂದ್ರೆ ಎಲ್ಲಿ ಮಲಗ್ತೀಯಾ? ಇರೋದು ಎರಡು ರೂಮು, ಒಂದ್ರಲ್ಲಿ ಮುದುಕರು ಆಟದ ಸಾಮಾನು ಹರಡ್ಕೊಂಡು ಕೂತಿದಾರೆ, ಮಗಳ ಮನೆಗಾದ್ರೂ ಹೋಗಬಾರ್ದಾ" ಎಂದೆ. ಮೆಲ್ಲಗೆ ಮಾತಾಡೇ ಎಂದು ಅಮ್ಮ ಗದರಿದಾಗ, "ಅವರಿಗೇನ್ ಕೇಳ್ಸುತ್ತಾ" ಎಂದು ನಿಮ್ಮ ಮುಖ ನೋಡಿಕೊಂಡೇ ನಕ್ಕೆ. ನೀವೂ ನಕ್ಕಿರಿ. ಮುಂದಿನ ವಾರ ಮಂಡಿ ನೋವು ಎಂದು ಹೊರಟಿರಿ. ಮಗನಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ಬರುವ ಭಾನುವಾರ ಬೆಳಿಗ್ಗೆ ನಿಮ್ಮನ್ನು ಕರೆತರಲು ಯಶವಂತಪುರದಿಂದ ರೈಲು ಹತ್ತುತ್ತೇವೆ, ಬಾಣಂತನಕ್ಕೆ ಬಂದಾಗ ನಡುಮನೆಯಲ್ಲೇ ಮಲಗುತ್ತೇನೆ ಎಂದು ಅಮ್ಮ ಹೇಳಿದ್ದಾರೆ. ಕಾಗದದಲ್ಲಿ ಕ್ಷಮೆ ಕೇಳಿದರೆ ಅದು ನನಗೆ ಸಾಲದು. ನಿಮ್ಮ ಎದುರಿಗೆ ಬಂದು ಕೂರುತ್ತೇನೆ, ನೀವು ನನ್ನ ಮುಖ ನೋಡಬೇಕು. ದನಿ ತೆಗೆಯದೆ ಹೇಳುತ್ತೇನೆ, ಪಕ್ಕದಲ್ಲಿರುವ ನಿಮ್ಮ ಮಗನಿಗೂ ಕೇಳಿಸುವುದಿಲ್ಲ.