ಒಳಲೆಗೆ ಬಾಯಿ ಮುಚ್ಚಿದವಳು

ಅವ್ವಾ,

ಹೆಮ್ಮರಗಾಲದ ಮನೆಯ ಜಗುಲಿಯಲ್ಲಿ ನೀನು ಕಾಲು ನೀಡಿ ಕೂತು, ತಮ್ಮನನ್ನು ಕಾಲ ಮೇಲೆ ಅಂಗಾತ ಮಲಗಿಸಿಕೊಂಡು ರಾಗಿ ಸರಿ ಕುಡಿಸುತ್ತಿದ್ದದ್ದು ಈಗ ದಿನಾ ನೆನಪಾಗುತ್ತದೆ. ಒಂದು ಕೈಯಲ್ಲಿ ಅವನ ಎರಡೂ ಕೈ ಅದುಮಿ, ಇನ್ನೊಂದರಲ್ಲಿ ಬೆಳ್ಳಿ ಒಳಲೆಯ ಮೂತಿಯನ್ನು ಬಾಯೊಳಗಿಟ್ಟು ಸುರಿಯುತ್ತಿದ್ದೆ. ಅವನು ಕಿರುಚಿದರೆ, "ಅಳ್ಲಿ ಬುಡು, ಅತ್ತಷ್ಟೂ ಒಳಿಕ್ಕೋಯ್ತದೆ" ಎಂದು ನಗುತ್ತಿದ್ದೆ. ನೀನು ಹೋದ ಮೇಲೆ ಅಪ್ಪ ಆ ಒಳಲೆಯನ್ನು ತಿ. ನರಸೀಪುರದ ನಮ್ಮ ಮನೆಗೆ ತಂದುಕೊಟ್ಟರು. ನೀನು ನೋಡದೇ ಹೋದ ಮೊಮ್ಮಗಳು, ಇಂಚರ, ಈಗ ಎಂಟು ತಿಂಗಳವಳು.

ಕಳೆದ ವಾರ ಅತ್ತೆ ಅದೇ ಒಳಲೆಯಲ್ಲಿ ಸುರಿಯುತ್ತಿದ್ದಾಗ ಮಗು ಕೆಮ್ಮಿತು. ರಾಗಿ ಸರಿ ಮೂಗಿನಿಂದ ಬಂತು. ಮುಖ ಕೆಂಪಾಯಿತು, ಅಳುವೇ ಹೊರಡಲಿಲ್ಲ. ನಾನು ಕಸಿದುಕೊಂಡು, ಬೋರಲು ಹಾಕಿ, ಬೆನ್ನು ತಟ್ಟಿದೆ. ಆ ಅಳು ಬರುವ ತನಕ ನನಗೆ ಏನಾಯಿತೆಂದು...

"ನೆತ್ತಿಗತ್ತಿತು, ಅಷ್ಟೇಯ. ನಾನೇನು ಮಕ್ಳ ಸಾಕಿಲ್ವಾ?" ಎಂದರು ಅತ್ತೆ.

"ಸಾಕಿದ್ದೀರ ಅತ್ತೆ. ಇವಳನ್ನ ನಾನು ಸಾಕ್ತೀನಿ. ಇನ್ಮೇಲೆ ಒಳಲೆ ಬೇಡ."

ಅತ್ತೆ ನನ್ನ ಗಂಡನ ಕಡೆ ತಿರುಗಿದರು. "ಕೇಳುಸ್ಕಂಡ್ಯಾ ಮಗಾ? ನಿನ್ನೆಡ್ತಿ ನಂಜನಗೂಡು ಕಾಲೇಜಲ್ಲಿ ಮಗೀಗೆ ಉಣ್ಸೋದ್ನೂ ಕಲ್ತು ಬಂದವ್ಳಂತೆ!" ಅವರ ಮಗ ಮೊಬೈಲಿನಿಂದ ತಲೆ ಎತ್ತಲಿಲ್ಲ.

ನೀನಿದ್ದಿದ್ದರೆ ಯಾರ ಪಕ್ಷ, ಅವ್ವಾ? ನನಗೆ ಗೊತ್ತು. ಮೊನ್ನೆ ಫೋನಿನಲ್ಲಿ ಚಿಕ್ಕಮ್ಮ ಅಂದಳು: "ನೀನೂ ಅದ್ರಲ್ಲೇ ಕುಡ್ದು ಬೆಳ್ದೋಳಲ್ವಾ? ಏನಾದೆ?" ನೀನೂ ಇದನ್ನೇ ಕೇಳುತ್ತಿದ್ದೆ. ಏನೂ ಆಗಲಿಲ್ಲ, ನಿಜ. ಆದರೆ ಇವಳನ್ನು ನೀನು ನೋಡಬೇಕಿತ್ತು. ಬಾಗಿಲ ಚಿಲಕ, ನನ್ನ ತಾಳಿ, ಅವರಪ್ಪನ ಚಪ್ಪಲಿ, ಎಲ್ಲವನ್ನೂ ಬಾಯಲ್ಲಿಟ್ಟೇ ವಿಚಾರಿಸಿಕೊಳ್ಳುತ್ತಾಳೆ. ಅಂಥವಳ ಕೈ ಅದುಮಿ ಹಿಡಿದು, ಏನು ಬರುತ್ತಿದೆ ಎಂದು ನೋಡಲೂ ಬಿಡದೆ... ಅದು ಊಟವೇ?

ನಿನ್ನೆ ಅವಳನ್ನು ಚಾಪೆಯ ಮೇಲೆ ಕೂರಿಸಿ, ಬೇಯಿಸಿದ ಕ್ಯಾರೆಟ್, ರಸಬಾಳೆಯ ಚೂರು ಮುಂದಿಟ್ಟೆ. ಹಿಸುಕಿದಳು, ಕಿವಿಗೆ ಮೆತ್ತಿಕೊಂಡಳು, ನೆಲಕ್ಕೆ ಬಡಿದಳು. ಒಂದು ಚೂರೂ ಒಳಗೆ ಹೋಗಲಿಲ್ಲ. ಪಕ್ಕದ ಮನೆಯವರು ಬೇರೆ, "ಮಗು ಸೊರಗೋಗದೆ ಕಣವ್ವ" ಎಂದು ಹೇಳಿಹೋಗಿದ್ದರು. ನಿದ್ದೆಗೆಟ್ಟ ನನ್ನ ತಲೆಗೆ ಅಷ್ಟು ಸಾಕಾಯಿತು. ಚಮಚದಲ್ಲಿ ಸರಿ ತಂದೆ. ಅವಳು ತುಟಿ ಬಿಗಿದಳು. ನಾನು ಎರಡು ಬೆರಳಲ್ಲಿ ಅವಳ ಕೆನ್ನೆ ಒತ್ತಿ ಬಾಯಿ ತೆರೆಸಿದೆ.

"ಒಳಲೆ ಬ್ಯಾಡಾಂದೋಳು ಈಗ ಮಾಡ್ತಿರೋದೇನವ್ವ?" ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ನಾನು ಕೈ ಬಿಟ್ಟೆ. ಅವಳ ಕೆನ್ನೆಯಲ್ಲಿ ನನ್ನ ಬೆರಳ ಗುರುತು ಬಿಳುಪಾಗಿ ಮೂಡಿ, ಮಾಯವಾಯಿತು.

ಇವತ್ತು ಮಧ್ಯಾಹ್ನ ಅತ್ತೆ ಮುದ್ದೆ, ಸೊಪ್ಪಿನ ಸಾರು ಹಾಕಿಕೊಂಡು ಕೂತಿದ್ದರು. ಇಂಚರ ಅಂಬೆಗಾಲಲ್ಲಿ ಹೋಗಿ ನೇರ ತಟ್ಟೆಗೇ ಕೈ ಹಾಕಿದಳು. ಅತ್ತೆ ನನ್ನ ಮುಖ ನೋಡಿದರು.

"ತಗೊಳ್ಳಲಿ ಬಿಡಿ" ಅಂದೆ. ಬೆನ್ನು ತಟ್ಟಲು ನನ್ನ ಕೈ ಅವಳ ಹಿಂದೆ ಸಿದ್ಧವಾಗಿತ್ತು.

ಸಾರಲ್ಲಿ ನೆನೆದ ಚಿಟಿಕೆ ಮುದ್ದೆ ಅವಳ ಬಾಯಿಗೆ ಹೋಯಿತು. ಇರುವ ಎರಡು ಹಲ್ಲಲ್ಲೇ ಅಗಿಯತೊಡಗಿದಳು.

"ಅಯ್ಯೋ ನಿನ್ನ! ಮುದ್ದೆನ ಯಾರಾದ್ರೂ ಅಗೀತಾರೇನೇ? ನುಂಗ್ಬೇಕು ಕಣವ್ವ, ನುಂಗ್ಬೇಕು!" ಅತ್ತೆ ನಗುತ್ತ ಕಣ್ಣಲ್ಲಿ ನೀರು ತಂದುಕೊಂಡರು. ಇವಳು ತಟ್ಟೆ ಬಡಿದು ಮತ್ತೆ ಕೇಳಿದಳು, ಮತ್ತೆ ತಿಂದಳು. ಆಮೇಲೆ ಬಾಯಿ ಮುಚ್ಚಿದಳು.

"ಇನ್ನೊಂದ್ ತುತ್ತು, ನಮ್ಮವ್ವ ಅಲ್ವಾ..."

"ಸಾಕಂತೆ ಅತ್ತೆ."

ಅವರು ಕೈ ಚಾಚಿಕೊಂಡೇ ಇದ್ದರು. ಇವಳು ಮುಖ ತಿರುಗಿಸಿದಳು. ಅತ್ತೆ ಆ ತುತ್ತನ್ನು ತಮ್ಮ ಬಾಯಿಗೇ ಹಾಕಿಕೊಂಡರು.

ಇದೇ ಸುದ್ದಿ, ಅವ್ವಾ. ನಿನಗೆ ಸಿಟ್ಟು ಬಂದರೂ ಬರಲಿ. ನಿನ್ನ ಮೊಮ್ಮಗಳು ತುಟಿ ಬಿಗಿದರೆ ಇನ್ನು ಈ ಮನೆಯಲ್ಲಿ ಯಾರೂ ಅದನ್ನು ಒತ್ತಿ ತೆರೆಸುವಂತಿಲ್ಲ. ನನ್ನ ಈ ಎರಡು ಬೆರಳನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.